ಸಂಪಿಗೆ ಮರದ ಕಾಮಾಲೆ

ತೋಟಗಾರಿಕೆ ಇಲಾಖೆಗೆ ಹೊಸದಾಗಿ ಸೇರಿದವರು ಆಗೀಗ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾ, "ಸಾರ್, ನಿಮ್ಮ ಅನುಭವ ಏನಾದ್ರೂ ಹೇಳಿ" ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ದ್ರಾಕ್ಷಿಗೆ ಯಾವ ಔಷಧಿ, ಗುಲಾಬಿಗೆ ಯಾವ ಗೊಬ್ಬರ, ಯಾವ ಸಾಹೇಬರ ಹತ್ತಿರ ಹೇಗೆ ಮಾತಾಡಬೇಕು ಎಂಬುದು. ಸಾಹೇಬರ ವಿಷಯ ಒಂದು ಬಿಟ್ಟರೆ ಉಳಿದದ್ದೆಲ್ಲ ಈಗ ಅವರ ಫೋನಿನಲ್ಲೇ ಸಿಗುತ್ತದೆ. ನಾನು ಮರಗಳ ಕಥೆ ಶುರುಮಾಡುತ್ತೇನೆ. ಅವರು ಮೆಲ್ಲಗೆ ಗಡಿಯಾರ ನೋಡುತ್ತಾರೆ. ಅದಕ್ಕೇ ಬರೆದಿಡುವುದು ವಾಸಿ ಅನ್ನಿಸಿತು. ಬೇಕಾದವರು ಓದಿಕೊಳ್ಳಲಿ, ಬೇಡದವರು ಅದರ ಮೇಲೆ ಕಾಫಿ ಲೋಟ ಇಟ್ಟುಕೊಳ್ಳಲಿ.

ಮೊದಲೇ ಒಂದು ಮಾತು. ನಮ್ಮ ಇಲಾಖೆಯಲ್ಲಿ ಮರದ ಡಾಕ್ಟರು ಎಂಬ ಹುದ್ದೆ ಇಲ್ಲ. ನಮ್ಮ ಕೆಲಸವೆಲ್ಲ ಮಾವು, ದ್ರಾಕ್ಷಿ, ಹನಿ ನೀರಾವರಿ, ಸಬ್ಸಿಡಿ. ಸುಮ್ಮನೆ ಚೆಂದಕ್ಕೆ ಮನೆ ಮುಂದೆ ನಿಂತ ದೊಡ್ಡ ಮರಕ್ಕೆ ಕಾಯಿಲೆಯಾದರೆ ಅದು ಯಾರ ಮೇಜಿಗೂ ಸೇರುವುದಿಲ್ಲ. ಅರಣ್ಯದವರು ನಮ್ಮ ಕಡೆ ಕೈ ತೋರಿಸುತ್ತಾರೆ, ನಾವು ಅವರ ಕಡೆ. ಹೀಗೆ ಅಲೆದು ಸುಸ್ತಾದ ಜನರನ್ನು ಕೊನೆಗೆ ನನ್ನ ಹತ್ತಿರ ಕಳಿಸುತ್ತಿದ್ದರು. "ಆ ಮನುಷ್ಯನಿಗೆ ಮರದ ಹುಚ್ಚು, ಹೋಗಿ ನೋಡಿ" ಎಂದು. ಆ ಹುಚ್ಚು ಹಿಡಿಸಿದವರು ನಮ್ಮ ಸಾವಿತ್ರಿ ಮೇಡಂ.

ನಾನು ಕೆಲಸಕ್ಕೆ ಸೇರಿದಾಗ ಅವರು ನನ್ನ ಮೇಲಧಿಕಾರಿ. ದಪ್ಪ ಕನ್ನಡಕ, ಕೈಯಲ್ಲಿ ಯಾವಾಗಲೂ ಕಳೆ ಕೀಳುವ ಒಂದು ಹಳೆಯ ಕುರ್ಪಿ. ಚಿಕ್ಕಬಳ್ಳಾಪುರದ ಒಂದು ಕಚೇರಿಯ ಅಂಗಳದಲ್ಲಿ ದೊಡ್ಡ ಮಳೆಮರ ಒಣಗುತ್ತಿದೆ ಎಂದು ನಮ್ಮನ್ನು ಕರೆಸಿದ್ದರು. ನಾನು ಹುರುಪಿನಲ್ಲಿ ಮೇಲೆ ನೋಡುತ್ತಾ ಕೊಂಬೆಯಿಂದ ಕೊಂಬೆಗೆ ರೋಗ ಹುಡುಕುತ್ತಿದ್ದೆ. ಮೇಡಂ ಸೀರೆ ಸರಿಮಾಡಿಕೊಂಡು ನೆಲದ ಮೇಲೆ ಕೂತೇಬಿಟ್ಟರು. ಮರದ ಸುತ್ತ ಹೊಸದಾಗಿ ಗ್ರಾನೈಟ್ ಕಟ್ಟೆ. ಕಚೇರಿಯವರಿಗೆ ಮರದ ಮೇಲೆ ಬಹಳ ಪ್ರೀತಿ, ಆ ಪ್ರೀತಿಗೆ ಕಟ್ಟೆ ಕಟ್ಟಿಸಿ, ಒಳಗೆ ಎದೆಮಟ್ಟ ಮಣ್ಣು ತುಂಬಿಸಿ, ಮೇಲೆ ಟೈಲ್ಸ್ ಹಾಕಿಸಿದ್ದರು. ಉದ್ಘಾಟನೆಯೂ ಆಗಿತ್ತು.

"ಸನ್ಮಾನ ಮಾಡಿ ಕತ್ತು ಹಿಸುಕಿದ್ದಾರೆ ನೋಡಯ್ಯ" ಎಂದರು ಮೇಡಂ. ಮರದ ಬುಡ ಬೇರಾಗಿ ಅಗಲಗೊಳ್ಳುವ ಜಾಗಕ್ಕೆ ಗಾಳಿ ಬೇಕು, ಅದನ್ನು ಮಣ್ಣಿನಲ್ಲಿ ಹೂತರೆ ಉಸಿರು ಕಟ್ಟುತ್ತದೆ, ತೊಗಟೆ ಕೊಳೆಯುತ್ತದೆ. ಕಟ್ಟೆ ಒಡೆಸಲು ಅವರು ಪಟ್ಟ ಪಾಡು ಬೇರೆಯೇ ಕಥೆ. ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡವರು ಸುಮ್ಮನೆ ಇರುತ್ತಾರೆಯೇ? ಆದರೂ ಒಡೆಸಿದರು. ಮರದ ಅರ್ಧ ಭಾಗ ಹೋಯಿತು, ಅರ್ಧ ಉಳಿಯಿತು. ಆ ಅರ್ಧದ ನೆರಳಲ್ಲೇ ಈಗಲೂ ಸ್ಕೂಟರ್ ನಿಲ್ಲಿಸಲು ಜಗಳ ನಡೆಯುತ್ತದೆ.

ವಾಪಸು ಬರುವಾಗ ಜೀಪಿನಲ್ಲಿ ಅವರು ಹೇಳಿದ ಮಾತು ನನಗೆ ಕೊನೆಯವರೆಗೂ ದಾರಿ ತೋರಿಸಿತು. "ಹೋದ ತಕ್ಷಣ ಏನು ರೋಗ ಅಂತ ಕೇಳಬೇಡ. ಈ ಮರದ ಕೆಳಗೆ ನೀವು ದಿನಾ ಏನೇನು ಮಾಡ್ತೀರಿ ಅಂತ ಕೇಳು. ನಮ್ಮ ಜನ ಮರಕ್ಕೆ ಬೇಕು ಅಂತ ಕೆಟ್ಟದ್ದು ಮಾಡೋದು ಕಡಿಮೆ. ಒಳ್ಳೇದು ಮಾಡೋಕೆ ಹೋಗೇ ಕೆಡಿಸೋದು."

ಇನ್ನೊಬ್ಬರನ್ನೂ ನೆನೆಯದೆ ಮುಂದಕ್ಕೆ ಹೋಗಲಾರೆ. ಗೌರಿಬಿದನೂರು ತಾಲೂಕಿನ ಅಲೀಪುರದಲ್ಲಿ ಹರಳು ಸಾಣೆ ಹಿಡಿಯುವ ಅಬ್ಬಾಸ್ ಸಾಹೇಬರು ಎಂಬ ಹಿರಿಯರಿದ್ದರು. ಅವರ ಮನೆಯಂಗಳದ ಆಕಾಶಮಲ್ಲಿಗೆ ಸೊರಗಿತ್ತು. ನಾನು ಹೋಗುವಷ್ಟರಲ್ಲಿ ಅವರು ಹರಳು ನೋಡುವ ಪುಟ್ಟ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಂದೊಂದೇ ಎಲೆ ತಿರುಗಿಸಿ ನೋಡುತ್ತಿದ್ದರು. "ಹುಳ ಇಲ್ಲ, ಬೂಷ್ಟು ಇಲ್ಲ ಸಾಹೇಬ್ರೇ. ಕಾಯಿಲೆ ಎಲೇದಲ್ಲ, ಕೆಳಗೆ ಎಲ್ಲೋ ಐತೆ" ಎಂದರು. ಕೆಳಗೆ, ಬಟ್ಟೆ ಒಣಹಾಕಲು ಯಾವ ಕಾಲದಲ್ಲೋ ಬಿಗಿದ ತಂತಿ ಕಾಂಡದೊಳಗೆ ಹೂತುಹೋಗಿತ್ತು. ಕಿತ್ತರೆ ತೊಗಟೆಯೇ ಬರುವ ಹಾಗಿತ್ತು, ಈಚೆ ಕಾಣುವಷ್ಟನ್ನು ಕತ್ತರಿಸಿ ಉಳಿದದ್ದನ್ನು ಮರಕ್ಕೇ ಬಿಟ್ಟೆವು. ಹೊರಡುವಾಗ ಸಾಹೇಬರು ಆ ಮಸೂರವನ್ನು ನನ್ನ ಜೇಬಿಗೆ ಹಾಕಿ, "ನನ್ನ ಹತ್ರ ಇನ್ನೊಂದು ಐತೆ, ಇಟ್ಕೊಳ್ಳಿ" ಎಂದರು. ಬೇಡ ಎನ್ನುವಷ್ಟು ದೊಡ್ಡತನ ನನಗೆ ಬರಲಿಲ್ಲ. ಅವತ್ತಿನಿಂದ ಅದು ನನ್ನ ಜೇಬಿನಲ್ಲೇ ಇದೆ.

ಈಗ ಸಂಪಿಗೆ ಮರದ ವಿಷಯ.

ನಾನು ಶಿಡ್ಲಘಟ್ಟಕ್ಕೆ ವರ್ಗವಾಗಿ ಬಂದಿದ್ದೆ. ನಿವೃತ್ತಿ ಹತ್ತಿರವಾಗಿತ್ತು. ದೀಪಾವಳಿ ಮುಗಿದ ಹೊಸತರಲ್ಲಿ ಒಬ್ಬ ಹೆಂಗಸು ಕಚೇರಿಗೆ ಬಂದರು. ಅರವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ಹಿಪ್ಪುನೇರಳೆ ಸೊಪ್ಪಿನ ಕಲೆ ಹತ್ತಿದ ಬೆರಳುಗಳು. ಜಂಗಮಕೋಟೆ ಹತ್ತಿರದ ಹಳ್ಳಿ, ಹೆಸರು ನಾರಾಯಣಮ್ಮ.

"ಮರದ ಡಾಕ್ಟ್ರು ಅಂದ್ರೆ ನೀವೇನಾ ಸಾರ್?"

"ಡಾಕ್ಟ್ರು ಗೀಕ್ಟ್ರು ಏನಿಲ್ಲ ಕಣಮ್ಮ. ಕೂತ್ಕೊಳ್ಳಿ."

ಕೂರಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಎಲೆ ನನ್ನ ಮೇಜಿನ ಮೇಲೆ ಇಟ್ಟರು. "ನೋಡಿ, ಕಾಮಾಲೆ ಬಂದೈತೆ" ಎಂದರು.

ಸಂಪಿಗೆಯ ಎಳೆ ಎಲೆಗಳು. ನರಗಳು ಮಾತ್ರ ಹಸಿರು, ನಡುವೆಲ್ಲ ಹಳದಿ. ಬಲಿತ ಎಲೆಗಳ ಅಂಚು ಸುಟ್ಟ ಹಪ್ಪಳದ ಹಾಗೆ. ಕಾಮಾಲೆ ಎಂದದ್ದಕ್ಕೆ ನಗು ಬಂದರೂ ಅದಕ್ಕಿಂತ ಸರಿಯಾದ ಮಾತು ನನಗೂ ಹೊಳೆಯಲಿಲ್ಲ.

"ನಮ್ಮಪ್ಪ ಗೌರಿಬಿದನೂರಾಗೆ ಒಂದು ಬಂಗಲೇಲಿ ಮಾಲಿ ಆಗಿದ್ರು ಸಾರ್. ನನ್ನ ಮದುವೇಲಿ ಬಂಗಾರ ಹಾಕೋ ಶಕ್ತಿ ಇರ್ಲಿಲ್ಲ. ಬೀಜ ಹಾಕಿ ಬೆಳೆಸಿದ್ದ ಈ ಗಿಡ ಕೈಗೆ ಕೊಟ್ಟು, ಬಂಗಾರದ ಬಣ್ಣದ ಹೂವು ಬಿಡ್ತದೆ, ಮುಡ್ಕೋಮ್ಮ ಅಂದ್ರು. ಈಗ ಅಪ್ಪ ಇಲ್ಲ, ಆ ಮನೇನೂ ಇಲ್ಲ. ತವರು ಅಂತ ನನಗೆ ಉಳಿದಿರೋದು ಈ ಮರ ಒಂದೇ. ಅದನ್ನ ನಮ್ಮ ಮೈದುನ ಕಡಿತೀನಿ ಅಂತ ಕೂತವ್ನೆ."

ಅಷ್ಟು ಹೇಳುವಾಗಲೂ ಅವರು ಅಳಲಿಲ್ಲ. ಮಾರನೆಯ ದಿನವೇ ಹೋದೆ.

ರೇಷ್ಮೆ ಮನೆ ಎಂದರೆ ಎಂಥ ಅಚ್ಚುಕಟ್ಟು ಎಂದು ನೋಡಿಯೇ ತಿಳಿಯಬೇಕು. ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಸುಣ್ಣ ಹರಡಿದ ಗೋಣಿಚೀಲ ತುಳಿದೇ ಒಳಗೆ ಹೋಗಬೇಕು. ಬೀಡಿ ಸೇದಿದವರಿಗೆ ಪ್ರವೇಶವಿಲ್ಲ. ಹೂ ಮುಡಿದ ಹೆಂಗಸರಿಗೂ ಇಲ್ಲ, ಘಾಟು ವಾಸನೆ ಹುಳುವಿಗೆ ಆಗಿಬರುವುದಿಲ್ಲ ಎಂದು. ಹುಳು ಸಾಕುವಷ್ಟು ದಿನವೂ ನಾರಾಯಣಮ್ಮನ ತಲೆ ಬರಿದೇ. ಒಂದು ಮಗುವಿನ ಬಾಣಂತನವನ್ನು ವರ್ಷಕ್ಕೆ ಎಷ್ಟೋ ಸಲ ಮಾಡುವ ಜನ ಅವರು. ನಮ್ಮ ಆಸ್ಪತ್ರೆಗಳಲ್ಲೂ ನಾನು ಅಷ್ಟು ಶುಚಿ ಕಂಡಿಲ್ಲ.

ಹುಳು ಮನೆಯ ಮುಂದೆ ಸಿಮೆಂಟಿನ ಅಂಗಳ, ಅಂಗಳದ ತುದಿಯಲ್ಲಿ ಮರ. ಎರಡಾಳೆತ್ತರಕ್ಕೆ ನೆಟ್ಟಗೆ ಹೋಗಿ ಅಲ್ಲಿಂದ ಹರಡಿಕೊಂಡು, ಕೆಳಗಿನ ಕೊಂಬೆಗಳು ಕೈಗೆಟಕುವಷ್ಟು ಬಾಗಿದ ಭಾರಿ ಸಂಪಿಗೆ. ಒಳ್ಳೆಯ ಕಾಲದಲ್ಲಿ ಹೂ ಬಿಟ್ಟರೆ ಊರಾಚೆಯ ಬಸ್ ನಿಲ್ದಾಣದವರೆಗೂ ವಾಸನೆ ಬರುತ್ತಿತ್ತಂತೆ. ಈಗ ತುದಿಯ ರೆಂಬೆಗಳು ಒಣಗಿ ಬೆಳ್ಳಗಾಗಿದ್ದವು. ಕೆಳಗೆ ಮಚ್ಚು ಹಿಡಿದು ಮುನಿರಾಜು ನಿಂತಿದ್ದ. ಅವನೇ ಮೈದುನ. ಅಣ್ಣ ತೀರಿಕೊಂಡ ಮೇಲೆ ಮನೆಯ ಬೇಸಾಯವನ್ನೆಲ್ಲ ಹೆಗಲಿಗೆ ಹಾಕಿಕೊಂಡವನು.

"ಏನಿಲ್ಲ ಸಾರ್, ಪೂರ್ತಿ ಸವರಿಬಿಟ್ರೆ ಹೊಸ ಚಿಗುರು ಬರ್ತದೆ. ರೇಷ್ಮೆ ಗಿಡಾನ ಬೆಳೆ ಬೆಳೆಗೂ ಬುಡಕ್ಕೆ ಕಟ್ ಮಾಡ್ತೀವಿ, ಬರಲ್ವಾ? ಬಂದ್ರೆ ಅತ್ತಿಗೆಗೆ ಮರ ಆಯ್ತು. ಬರ್ಲಿಲ್ಲ ಅಂದ್ರೆ ನನಗೆ ಶೆಡ್ಡಿಗೆ ಜಾಗ ಆಯ್ತು."

ಲೆಕ್ಕ ಕೇಳಲು ಚೆನ್ನಾಗಿತ್ತು. ಹಿಪ್ಪುನೇರಳೆ ಬೆಳೆದವರಿಗೆ ಕತ್ತಿಯ ಮೇಲೆ ಬಲು ನಂಬಿಕೆ. ಆದರೆ ಹಿಪ್ಪುನೇರಳೆ ಕತ್ತಿಯೊಂದಿಗೇ ಬಾಳುವೆ ಮಾಡಿ ಪಳಗಿದ ಗಿಡ. ವಯಸ್ಸಾದ ಸಂಪಿಗೆಯ ಕಥೆ ಹಾಗಲ್ಲ. ಇರುವ ನಾಲ್ಕು ಎಲೆಯಲ್ಲೇ ಅದು ಅಡುಗೆ ಮಾಡಿಕೊಂಡು ಉಣ್ಣಬೇಕು. ಹಾಸಿಗೆ ಹಿಡಿದವನ ಮುಂದಿನ ತಟ್ಟೆ ಕಿತ್ತುಕೊಂಡರೆ ಅವನು ಎದ್ದು ಓಡಾಡುತ್ತಾನೆಯೇ? ಇದನ್ನು ಹೇಳಿದೆ. ಒಣಗಿದ ಕೊಂಬೆ ಮಾತ್ರ ತೆಗೆಯೋಣ, ಹಸಿಯದನ್ನು ಮುಟ್ಟುವುದು ಬೇಡ ಎಂದೆ.

"ಒಣಗಿದ ಕೊಂಬೆ ನೀವು ತೆಗೆಯೋಕೆ ಮುಂಚೆ ಅದೇ ಬೀಳ್ತದೆ ಸಾರ್" ಎಂದ ಮುನಿರಾಜು. "ಹೋದ ಬೆಳೇಲಿ ಹುಳು ಮನೆ ಶೀಟಿನ ಮೇಲೆ ಬಿತ್ತು. ಒಳಗೆ ಹುಳು ಹಣ್ಣಾಗಿ ಗೂಡಿಗೆ ಹತ್ತೋ ಟೈಮು. ನಾನೇನು ಮರದ ಮೇಲೆ ಹಗೆ ಸಾಧಿಸ್ತಾ ಇಲ್ಲ. ಬರೋ ಮುಂಗಾರಿನವರೆಗೂ ನೋಡಿ. ಅಷ್ಟರಾಗೆ ಹಸಿರು ಕಾಣ್ಲಿಲ್ಲ ಅಂದ್ರೆ ಕಡಿಸಿ ಶೆಡ್ಡು ಹಾಕ್ತೀನಿ."

ಅವನ ಮಾತಲ್ಲಿ ತಪ್ಪಿರಲಿಲ್ಲ. ಒಪ್ಪಿಕೊಂಡೆ. ನಾರಾಯಣಮ್ಮ ನನ್ನ ಮುಖ ನೋಡಿದರು, ಆ ನೋಟ ಹೊತ್ತುಕೊಂಡು ಮನೆಗೆ ಬರುವುದು ಕಷ್ಟವಾಯಿತು.

ಅವತ್ತು ಹೊರಡುವ ಮುಂಚೆ ಅಬ್ಬಾಸ್ ಸಾಹೇಬರ ಮಸೂರದಲ್ಲಿ ಎಲೆಗಳನ್ನು ನೋಡಿದೆ. ಹುಳವಿಲ್ಲ, ಬೂಷ್ಟಿಲ್ಲ. ಬುಡದಲ್ಲಿ ಮಾತ್ರ ಯೂರಿಯಾ, ಡಿಎಪಿ, ಕೊಟ್ಟಿಗೆ ಗೊಬ್ಬರ ಎಲ್ಲ ಸೇರಿ ದಿಬ್ಬವೇ ಆಗಿತ್ತು. ಮರ ಸೊರಗಿದಷ್ಟೂ ಗೊಬ್ಬರ ಹೆಚ್ಚು ಸುರಿದಿದ್ದರು. ಇದನ್ನೆಲ್ಲ ತೆಗೆಸಿ, ಇನ್ನು ಮೇಲೆ ಏನೂ ಹಾಕಬೇಡಿ ಎಂದೆ. ಮುನಿರಾಜು ಉರಿದುಬಿದ್ದ. "ಕಾಯಿಲೆ ಬಿದ್ದಿರೋದಕ್ಕೆ ತಿನ್ನೋಕೆ ಹಾಕ್ದೆ ಇರೋದಾ? ಇದ್ಯಾವ ಊರ ನ್ಯಾಯ ಸಾರ್?"

ಯೂರಿಯಾ, ಉಪ್ಪು, ಬೇರು ಎಂದು ನಾನು ದೊಡ್ಡ ಭಾಷಣಕ್ಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನಾರಾಯಣಮ್ಮ ಮೈದುನನ ಕಡೆ ತಿರುಗಿ, "ಜ್ವರಕ್ಕೆ ಕೂತಿರೋ ಹುಳೂಗೆ ನೀನು ಸೊಪ್ಪು ಹಾಕ್ತೀಯೇನೋ?" ಎಂದರು.

ಅವನು ಮಚ್ಚನ್ನು ಗೋಡೆಗೆ ಒರಗಿಸಿದ. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ಮೊದಲು ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ, ಅದಕ್ಕೆ ಇಲ್ಲಿನವರು ಜ್ವರ ಎನ್ನುತ್ತಾರೆ. ಆಗ ಯಾರೂ ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ. ಹುಳುವಿನ ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ, ಜ್ವರ ಬಿಡುವವರೆಗೆ ಕಾಯುತ್ತಾರೆ. ಕಾಯುವುದು ಕೂಡ ಆರೈಕೆಯೇ ಎಂಬುದನ್ನು ನಾನು ಎಷ್ಟೋ ತರಬೇತಿಗಳಲ್ಲಿ ಹೇಳಿ ಜನರಿಗೆ ಮುಟ್ಟಿಸಲಾರದೆ ಸೋತಿದ್ದೆ. ಆಕೆ ಒಂದೇ ಮಾತಿನಲ್ಲಿ ಮುಗಿಸಿದರು. ಆ ಮಾತನ್ನು ಆಮೇಲೆ ನಾನು ಊರೂರಲ್ಲಿ ನನ್ನದೇ ಎಂಬ ಹಾಗೆ ಆಡಿಕೊಂಡು ಓಡಾಡಿದೆ.

ಗೊಬ್ಬರ ತೆಗೆಸಿದೆವು. ಹೊಂಗೆ ಸೊಪ್ಪು ತಂದು ಬುಡಕ್ಕೆ ತಾಕದಂತೆ ದೂರದಲ್ಲಿ ಹರಡಿದೆವು. ಕೊಂಬೆ ಹರಡಿದಷ್ಟು ಅಗಲಕ್ಕೂ ನಿಧಾನವಾಗಿ ನೀರು ಕೊಟ್ಟೆವು. ಎಲೆಗೆ ಕಬ್ಬಿಣದ ಅಂಶ ಸಿಗಲೆಂದು ಅನ್ನಭೇದಿಯನ್ನು ನೀರಿನಲ್ಲಿ ಕದಡಿ ಸಿಂಪಡಿಸಿದೆವು. ಹಸಿರು ಒಂದಿಷ್ಟು ಮೂಡಿತು, ಮೂಡಿದ ಹಾಗೇ ಮಾಯವೂ ಆಯಿತು. ಸಂಕ್ರಾಂತಿ ಕಳೆಯಿತು. ಹೋದಾಗಲೆಲ್ಲ ಅಂಗಳ ಗುಡಿಸಿ ಒಣಗಿ ಲಕಲಕ ಎನ್ನುತ್ತಿರುತ್ತಿತ್ತು, ಮರ ಮಾತ್ರ ಇನ್ನೂ ಹಳದಿಯಾಗಿರುತ್ತಿತ್ತು. ಮುನಿರಾಜು ಶೆಡ್ಡಿಗೆ ಇಟ್ಟಿಗೆ ಇಳಿಸಿಕೊಂಡಿದ್ದ. ಬೇರಿಗೇ ಏನೋ ಆಗಿದೆ ಎಂದು ಗೊತ್ತು, ಏನು ಎಂದು ಗೊತ್ತಿಲ್ಲ. ಊಟ ರುಚಿಸದಷ್ಟು ಚಿಂತೆಯಾಯಿತು. ಸಾವಿತ್ರಿ ಮೇಡಂ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಇದ್ದಿದ್ದರೆ ಕುರ್ಪಿಯಿಂದ ನನ್ನ ತಲೆಗೆ ಮೊಟಕಿ, ದಿನಚರಿ ಕೇಳಿದೆಯೇನಯ್ಯ ಎನ್ನುತ್ತಿದ್ದರು.

ಶಿವರಾತ್ರಿಯ ಹಿಂದೆಮುಂದೆ ಒಂದು ದಿನ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ಬಳಿ ಮುನಿರಾಜು ಸಿಕ್ಕಿದ. ಬೆಳೆ ಚೆನ್ನಾಗಿ ಬಂದಿತ್ತು, ಗೂಡು ಮಾರಿ ಖುಷಿಯಲ್ಲಿದ್ದ. "ಬನ್ನಿ ಸಾರ್, ಮನೆಗೆ ಹೋಗಣ. ಇವತ್ತು ನಮ್ಮತ್ತಿಗೆ ಒಬ್ಬಟ್ಟು ಮಾಡಿರ್ತಾರೆ" ಎಂದು ಕರೆದುಕೊಂಡು ಹೋದ. ಬೆಳೆ ಮುಗಿದ ದಿನ ನಾನು ಆ ಮನೆಗೆ ಹೋದದ್ದು ಅದೇ ಮೊದಲು.

ಅಂಗಳಕ್ಕೆ ಕಾಲಿಟ್ಟರೆ ಹಬ್ಬದ ಗದ್ದಲ. ಹುಳು ಸಾಕಿದ ತಟ್ಟೆಗಳು, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳು ಎಲ್ಲ ಹೊರಗೆ ಬಂದಿವೆ. ಮರದ ನೆರಳಲ್ಲಿ ನಾರಾಯಣಮ್ಮ ಸೀರೆ ಎತ್ತಿಕಟ್ಟಿ, ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣ ಕಲಸಿದ ನೀರಿನಲ್ಲಿ ಒಂದೊಂದನ್ನೂ ಅದ್ದಿ ಉಜ್ಜಿ ತೊಳೆಯುತ್ತಿದ್ದಾರೆ. ತಲೆಯಲ್ಲಿ ಪೇಟೆಯ ಕನಕಾಂಬರ.

"ಹುಳು ಹೋದ ದಿನ ನನಗೆ ಹಬ್ಬ ಸಾರ್. ಇವತ್ತೊಂದು ದಿನ ಹೂ ಮುಡೀಬೋದು. ಮರ ಚೆನ್ನಾಗಿದ್ದಾಗ ಇಲ್ಲೇ ಕೈ ಚಾಚಿ ಸಂಪಿಗೆ ಕಿತ್ಕೊಂಡು ಮುಡ್ಕೊಂಡು, ಇದರ ಕೆಳಗೇ ತೊಳಿಯೋಕೆ ಕೂರ್ತಿದ್ದೆ. ನಮ್ಮಪ್ಪನ ಹತ್ರ ಕೂತಂಗೆ ಇರೋದು."

ನಾನು ಅವರ ಮಾತು ಕೇಳುತ್ತಾ ನೀರನ್ನು ನೋಡುತ್ತಿದ್ದೆ. ಹಾಲಿನಂಥ ಬಿಳಿ ನೀರು ಸಿಮೆಂಟಿನ ಮೇಲೆ ಹರಿದು, ಅಂಗಳದ ಅಂಚಿನ ಪುಟ್ಟ ಕಾಲುವೆಗೆ ಇಳಿದು, ಸೀದಾ ಸಂಪಿಗೆಯ ಪಾತಿಗೆ ಸೇರುತ್ತಿತ್ತು.

"ಈ ನೀರು ಯಾವಾಗ್ಲೂ ಮರಕ್ಕೇ ಹೋಗ್ತದಾ?" ಎಂದೆ.

"ಹೂಂ ಸಾರ್. ಮೊದ್ಲು ಕುಂಟೆ ಹತ್ರ ತೊಳೀತಿದ್ವಿ. ಕುಂಟೆ ಬತ್ತಿತು. ಅಂಗಳಕ್ಕೆ ಸಿಮೆಂಟ್ ಹಾಕಿದ್ಮೇಲೆ ಇಲ್ಲೇ. ಈ ಬರದ ಸೀಮೇಲಿ ಇಷ್ಟು ನೀರು ಯಾಕೆ ದಂಡ ಮಾಡೋದು? ಅದೂ ಅಲ್ದೆ ಇದು ಔಷಧಿ ನೀರಲ್ವಾ, ಹುಳೂಗೆ ಬರೋ ರೋಗ ಎಲ್ಲ ಕೊಲ್ತದೆ. ಮರಕ್ಕೆ ಕಾಮಾಲೆ ಬಂದ್ಮೇಲಂತೂ ಒಂದು ತೊಟ್ಟೂ ಬೇರೆ ಕಡೆ ಬಿಟ್ಟಿಲ್ಲ."

ಕಾಲ ಕೆಳಗಿನ ಹೊಂಗೆ ಸೊಪ್ಪನ್ನು ಸರಿಸಿ ಮಣ್ಣು ಕೆರೆದೆ. ಬೆರಳುದ್ದ ಕೆಳಗೆ ಬಿಳಿ ಹೆಪ್ಪು. ಮಣ್ಣಿನಲ್ಲಿ ಸುಣ್ಣ ಹೆಚ್ಚಾದರೆ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಸಂಪಿಗೆಯಂತೂ ಸುಣ್ಣವನ್ನು ಒಂದಿಷ್ಟೂ ತಡೆಯದ ಜಾತಿ. ಅದರ ಮೇಲೆ ಬ್ಲೀಚಿಂಗ್ ಪೌಡರಿನ ಉಪ್ಪು ಬೇರೆ. ವರ್ಷವಿಡೀ ಬೆಳೆ ಬೆಳೆಗೂ, ಇಷ್ಟು ಪ್ರೀತಿಯಿಂದ.

ಕಾರಣ ಸಿಕ್ಕಿದ ಖುಷಿ ನನಗೆ ಒಂದು ಗಳಿಗೆಯೂ ಉಳಿಯಲಿಲ್ಲ. ಇದನ್ನು ಈಕೆಗೆ ಹೇಗೆ ಹೇಳುವುದು? ಹಬ್ಬದ ದಿನ, ತಲೆಯಲ್ಲಿ ಹೂವು, ಕೈಯಲ್ಲಿ ಬ್ರಷ್ಷು. ನಾಳೆ ಬಂದು ಹೇಳಿದರಾಯಿತು ಅಂದುಕೊಂಡೆ. ಆದರೆ ನೀರು ಹರಿಯುತ್ತಲೇ ಇತ್ತು. ಹೇಳಿದೆ.

ನಾರಾಯಣಮ್ಮ ಎದ್ದು ನಿಂತರು. ಅವರ ಮನೆಮಾತು ತೆಲುಗು, ನನ್ನೊಂದಿಗೆ ಯಾವತ್ತೂ ಆಡಿದವರಲ್ಲ. ಮೈದುನನ ಕಡೆ ನೋಡಿ, "ನೇನೇನಾ?" ಎಂದರು. ನಾನೇನಾ, ನನ್ನ ಕೈಯಿಂದಲೇನಾ ಎಂದು.

ಮುನಿರಾಜು ಗೂಡು ಮಾರಿದ ಖುಷಿಯನ್ನೆಲ್ಲ ಮರೆತು ನಿಂತಿದ್ದ. ಈ ಹೊತ್ತಿನಲ್ಲಿ ಒಂದು ಚುಚ್ಚುಮಾತು ಆಡಲು ಅವನಿಗೆ ಅವಕಾಶವಿತ್ತು. ಅವನು ಕಾಲುವೆಯನ್ನು ತೋರಿಸಿ, "ಇದನ್ನ ಕಟ್ಟಿದ್ದು ನಾನು ಕಣತ್ತಿಗೆ. ಸಿಮೆಂಟು ಕಲಸಿದ್ದು ನಾನು, ವಾಟ ಮರದ ಕಡೆ ಕೊಟ್ಟಿದ್ದೂ ನಾನು" ಎಂದ. ಆಮೇಲೆ ಹಾರೆ ತಂದು, ಸಿಮೆಂಟಿನ ಆ ಕಾಲುವೆಯ ಬಾಯನ್ನು ನನ್ನ ಕಣ್ಣೆದುರೇ ಒಡೆದು ಮಣ್ಣಿನಿಂದ ಮುಚ್ಚಿದ. ನಾನು ದೊಡ್ಡ ದೊಡ್ಡ ಅಧಿಕಾರಿಗಳನ್ನು ಕಂಡಿದ್ದೇನೆ, ಸಮಯಕ್ಕೆ ಸರಿಯಾಗಿ ಹೀಗೆ ಒಂದು ಮಾತು ಆಡಿದವರು ಕಡಿಮೆ. ನಾರಾಯಣಮ್ಮ ಉಳಿದ ತಟ್ಟೆಗಳನ್ನು ತಲೆಯ ಮೇಲೆ ಹೊತ್ತುಕೊಂಡು ಹೊಲದ ಕೊನೆಯ ಬಂಡೆಯ ಕಡೆ ನಡೆದರು. ಅವತ್ತು ಒಬ್ಬಟ್ಟು ಯಾರೂ ತಿನ್ನಲಿಲ್ಲ.

ಮಣ್ಣನ್ನು ಚಿಂತಾಮಣಿಗೆ ಕೊಂಡೊಯ್ದು ಪರೀಕ್ಷೆ ಮಾಡಿಸಿದೆ. ನಮ್ಮ ಅನುಮಾನವೇ ನಿಜವಾಯಿತು. ಬೇರಿಗೆ ಪೆಟ್ಟಾಗದಂತೆ ಕೈಯಿಂದಲೇ ಬಿಳಿ ಮಣ್ಣು ಕೆರೆದು ತೆಗೆದೆವು. ಬೇರುಗಳ ನಡುವೆ ಅಲ್ಲಲ್ಲಿ ಗುಂಡಿ ತೋಡಿ, ಚೆನ್ನಾಗಿ ಕಳಿತ ಎಲೆಗೊಬ್ಬರ ಮತ್ತು ಕೆಮ್ಮಣ್ಣು ತುಂಬಿದೆವು. ಉಳಿದ ಸುಣ್ಣ, ಉಪ್ಪನ್ನು ತೊಳೆದು ಕೆಳಗೆ ಇಳಿಸಲು ನೀರು ಬೇಕು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಅದರಲ್ಲೂ ಸುಣ್ಣವೇ. ಮಳೆ ನೀರೇ ಆಗಬೇಕು ಎಂದೆ. ಮುನಿರಾಜು ತಲೆ ಕೆರೆದುಕೊಂಡು, ಹುಳು ಮನೆಯ ಶೀಟಿಗೆ ಉದ್ದಕ್ಕೂ ತಗಡಿನ ದೋಣಿ ಕಟ್ಟಿ, ಬೀಳುವ ಮಳೆಯೆಲ್ಲ ಪೈಪಿನಲ್ಲಿ ಮರಕ್ಕೆ ಹೋಗುವ ಹಾಗೆ ಮಾಡಿದ. ಶೆಡ್ಡಿಗೆ ತಂದ ಇಟ್ಟಿಗೆಯಲ್ಲಿ ಒಂದಿಷ್ಟು ಆ ಪೈಪಿನ ಕೆಳಗೆ ಆಸರೆಗೆ ಹೋದವು.

ಮಳೆ ತಡವಾಯಿತು. ಬಂದ ಮೇಲೆ ಮರ ಇದ್ದಬದ್ದ ಎಲೆಯನ್ನೂ ಉದುರಿಸಿ ಬೋಳಾಗಿ ನಿಂತಿತು. ಮುಂಗಾರಿನ ಗಡುವು ಮುಗಿದಿತ್ತು. ನಾನು ಮುಖ ಸಣ್ಣದು ಮಾಡಿಕೊಂಡು ಹೋಗಿ, "ಏನಪ್ಪಾ ಮುನಿರಾಜು, ಏನು ಮಾಡ್ತೀಯ?" ಎಂದೆ.

ಅವನು ಮರವನ್ನು ಬುಡದಿಂದ ತುದಿಯವರೆಗೂ ನೋಡಿದ. "ಜ್ವರಕ್ಕೆ ಕೂತೈತೆ ಸಾರ್. ಬಿಡ್ಲಿ" ಎಂದ. ಶೆಡ್ಡನ್ನು ಹಿತ್ತಲ ಕಡೆ ಹಾಕಿದ.

ಆಷಾಢದ ಗಾಳಿಯಲ್ಲಿ ಒಂದು ಕೊಂಬೆಯ ತುದಿ ಚಿಗುರೊಡೆಯಿತು. ಮೊದಲು ಕಂಡದ್ದು ನಾರಾಯಣಮ್ಮನೇ. ಫೋನಿನಲ್ಲಿ ಅವರು "ಹಸಿರು ಸಾರ್, ನರ ಕಾಣಲ್ಲ, ಪೂರ್ತಿ ಹಸಿರು" ಎಂದು ಕೂಗಿದ್ದಕ್ಕೆ ಕಚೇರಿಯವರೆಲ್ಲ ತಿರುಗಿ ನೋಡಿದರು. ನಾನು ನಾಚಿಕೆಯಿಲ್ಲದೆ ಕಣ್ಣೊರೆಸಿಕೊಂಡೆ. ಆ ಮರದ ಛಲವನ್ನು ಏನೆಂದು ಹೇಳಲಿ! ಅಷ್ಟು ಸುಣ್ಣ ಕುಡಿದು, ಅಷ್ಟು ಯೂರಿಯಾ ತಿಂದು, ಡಾಕ್ಟರೆಂದು ಬಂದ ನನ್ನ ತಡವರಿಕೆಯನ್ನೂ ಸಹಿಸಿಕೊಂಡು, ಕೊನೆಗೆ ತನ್ನ ಕೆಲಸ ತಾನು ಮಾಡಿತು. ನಾವು ಮಾಡಿದ್ದು ಇಷ್ಟೇ, ಅದರ ದಾರಿಗೆ ಅಡ್ಡ ನಿಂತದ್ದನ್ನು ಬಿಟ್ಟೆವು.

ಮಾರನೆಯ ವರ್ಷ ನಾನು ನಿವೃತ್ತನಾದೆ. ಹಾರ, ಶಾಲು, ಭಾಷಣ ಎಲ್ಲ ಆಯಿತು, ಅದರಲ್ಲಿ ಬರೆಯುವಂಥದ್ದೇನಿಲ್ಲ. ಆ ಮಳೆಗಾಲದಲ್ಲಿ ನಾರಾಯಣಮ್ಮ ಮತ್ತೆ ಫೋನು ಮಾಡಿದರು, "ಹೂ ಬಿಟ್ಟೈತೆ, ಬನ್ನಿ."

ಹೋದೆ. ಬಸ್ ಇಳಿದ ಕೂಡಲೇ ವಾಸನೆ. ಮೊದಲಿನಷ್ಟು ಇರಲಿಕ್ಕಿಲ್ಲ, ಆದರೂ ಕೊಂಬೆ ಕೊಂಬೆಗೂ ಹೊಂಬಣ್ಣದ ಹೂವು. ಒಂದನ್ನೂ ಕಿತ್ತಿರಲಿಲ್ಲ. ಒಳಗೆ ಹುಳು ಕೊನೆಯ ಜ್ವರ ಬಿಟ್ಟು ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದವು. ಆ ಸದ್ದು ಹೊರಗೂ ಕೇಳುತ್ತಿತ್ತು. ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದ್ದರು. ನಾರಾಯಣಮ್ಮನ ತಲೆ ಬರಿದೇ.

"ಮರದ ವಾಸನೆ ಹುಳೂಗೆ ಆಗಲ್ವಾ?" ಎಂದು ಕೆಣಕಿದೆ.

"ತಾನಾಗಿ ಗಾಳೀಲಿ ಬಂದ್ರೆ ಒಪ್ಕೊಳ್ತಾವೆ ಸಾರ್. ನಾವು ಹೊತ್ಕೊಂಡು ಹೋದ್ರೆ ಕೋಪ" ಎಂದು ನಕ್ಕರು. ಇಷ್ಟು ವರ್ಷ ಕಾದ ಹೂವು ಕೈಗೆಟಕುವ ಹಾಗೆ ಬಿಟ್ಟಿದೆ, ಮುಟ್ಟಿಲ್ಲ. "ಹುಳು ಗೂಡಿಗೆ ಹತ್ಲಿ. ಗೂಡು ಮಾರಿದ ದಿನ ಮುಡೀತೀನಿ. ಅವತ್ತು ಬನ್ನಿ, ಒಬ್ಬಟ್ಟು ಬಾಕಿ ಐತೆ."

ಅವತ್ತೂ ಹೋದೆ. ಮರದ ಕೆಳಗೆ ಯಾರೂ ಇರಲಿಲ್ಲ. ಅಂಗಳ ಒಣಗಿತ್ತು, ಮೊದಲು ಅವರು ಕೂತು ತೊಳೆಯುತ್ತಿದ್ದ ಜಾಗದಲ್ಲಿ ನೆರಳು ತಣ್ಣಗೆ ಬಿದ್ದಿತ್ತು. ಹೊಲದ ಕೊನೆಗೆ ನಡೆದೆ. ಬಂಡೆಯ ಮೇಲೆ ನೆತ್ತಿ ಸುಡುವ ಬಿಸಿಲು. ಒಂದು ಗಿಡದ ಮರೆಯೂ ಇಲ್ಲ. ಅಲ್ಲಿ ನಾರಾಯಣಮ್ಮ ಬೆವರಿಳಿಸಿಕೊಂಡು ಸುಣ್ಣದ ನೀರಿನಲ್ಲಿ ತಟ್ಟೆ ಉಜ್ಜುತ್ತಿದ್ದರು. ಮುಡಿಯಲ್ಲಿ ಸಂಪಿಗೆ ಇತ್ತು.

"ಇಲ್ಲಿ ಇಷ್ಟೊಂದು ಬಿಸಿಲಲ್ವೇನ್ರಮ್ಮ?" ಎಂದೆ.

ಕೈಯ ಬಿಳಿ ನೀರು ತಾಕದ ಹಾಗೆ ಮೊಣಕೈಯಿಂದ ಹೂವನ್ನು ಸರಿಮಾಡಿಕೊಂಡು, ದೂರದ ಮರದ ಕಡೆ ಒಮ್ಮೆ ನೋಡಿ ಅವರು ಹೇಳಿದರು: "ಬಿಸಿಲೇ ಸಾರ್. ಪರವಾಗಿಲ್ಲ. ತವರು ಚೆನ್ನಾಗಿರ್ಲಿ."